ಸಂಗೀತದ ಪೀರಿಯಡ್‌ಗೆ ಊರಿನವರು ಬಂದಾಗ

(ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಆ ದಿನ ಹೇಳಲು ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಚಾಮರಾಜನಗರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು. ಒಂದು ಪ್ರಶ್ನೆಯಿಂದ ಮಾತು ಶುರುಮಾಡುತ್ತೇನೆ. ಆ ಪ್ರಶ್ನೆಯನ್ನು ನಾನು ಬಹಳ ವರ್ಷ ತಪ್ಪಾಗಿ ಕೇಳುತ್ತಾ ಬಂದೆ.

ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬಂದಾಗ, ‘ನಿಮ್ಮ ಮನೇಲಿ ಯಾರಿಗಾದರೂ ಸಂಗೀತ ಬರುತ್ತಾ?’ ಎನ್ನುತ್ತಿದ್ದೆ. ನಲವತ್ತು ಮಕ್ಕಳಲ್ಲಿ ಒಂದು ಕೈ ಎದ್ದರೆ ಹೆಚ್ಚು. ಸರಿ, ಇವರಿಗೆ ಎಲ್ಲವನ್ನೂ ಮೊದಲಿಂದ ಹೇಳಿಕೊಡಬೇಕು ಎಂದುಕೊಂಡು ಬೋರ್ಡಿನ ಮೇಲೆ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ, ಬರೆಯುತ್ತಿದ್ದೆ. ಒಂದು ವರ್ಷ ಊರಿನ ಮದುವೆಯೊಂದಕ್ಕೆ ಹೋಗಿದ್ದೆ. ಚಪ್ಪರದ ಮೂಲೆಯಲ್ಲಿ ಐದಾರು ಹೆಂಗಸರು ಕೂತು ಸೋಬಾನೆ ಹೇಳುತ್ತಿದ್ದರು. ಸೊಲ್ಲು ಎತ್ತಿಕೊಡುತ್ತಿದ್ದ ಅಜ್ಜಿಯ ಮಗ್ಗುಲಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು. ನನ್ನೆದುರು ಬಾಯಿಯೇ ಬಿಡದವಳು ಅಲ್ಲಿ ಒಂದು ಸೊಲ್ಲೂ ತಪ್ಪದೆ ಹಿಂದೆ ಹೇಳುತ್ತಿದ್ದಳು. ಮರುದಿನ ಕರೆದು, ‘ಸಂಗೀತ ಬರೋರು ಯಾರೂ ಇಲ್ಲ ಅಂದಿದ್ದೆಯಲ್ಲಮ್ಮ’ ಎಂದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ‘ಅದು ಸಂಗೀತ ಅಲ್ಲ ಮಿಸ್, ಪದ’ ಅಂದಳು.

ಮುಂದಿನ ಜೂನ್‌ನಲ್ಲಿ ಬೇರೆ ರೀತಿ ಕೇಳಿದೆ. ಮದುವೆ ಮನೆಗೆ ಪದ ಹೇಳೋಕೆ ಯಾರ ಅಜ್ಜಿಯನ್ನು ಕರೀತಾರೆ? ಯಾರ ಮನೆ ಗೋಡೆಯಲ್ಲಿ ತಂಬೂರಿ ನೇತುಹಾಕಿದ್ದಾರೆ? ಮಾದಪ್ಪನ ಬೆಟ್ಟಕ್ಕೆ ಕಂಸಾಳೆ ಹಿಡಿದು ಹೋಗೋರು ಯಾರ ಮನೇಲಿದ್ದಾರೆ? ಶನಿವಾರದ ಭಜನೆಯಲ್ಲಿ ತಾಳ ಯಾರದು? ಹಬ್ಬಕ್ಕೆ ತಮಟೆ ಯಾರದು? ಕೈಗಳು ಏಳುತ್ತಾ ಹೋದವು. ಕೊನೆಯ ಪ್ರಶ್ನೆಗೆ ಮಾತ್ರ, ಉತ್ತರ ಗೊತ್ತಿದ್ದ ಮಕ್ಕಳು ಕೈ ಎತ್ತದೆ ತಲೆ ತಗ್ಗಿಸಿದರು. ಆ ಮಾತಿಗೆ ಮುಂದೆ ಬರುತ್ತೇನೆ.

ಊರಿನ ಹಾಡನ್ನು ಶಾಲೆಗೆ ತರಬೇಕು ಎಂದರೆ ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ವಾರ್ಷಿಕೋತ್ಸವದಲ್ಲಿ ಜನಪದ ನೃತ್ಯ ಇದ್ದೇ ಇರುತ್ತದೆ, ಪ್ರತಿಭಾ ಕಾರಂಜಿಯಲ್ಲಿ ಜನಪದ ಗೀತೆ ಸ್ಪರ್ಧೆ ಇದೆ. ಆದರೆ ನಾನೇ ನಿಂತು ಮಾಡಿಸಿದ ಒಂದು ವಾರ್ಷಿಕೋತ್ಸವ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಕ್ಕಳಿಂದ ಕಂಸಾಳೆ ಕುಣಿತ ಮಾಡಿಸಿದ್ದೆವು. ಬಾಡಿಗೆ ಉಡುಪು, ರಟ್ಟಿನಲ್ಲಿ ಕತ್ತರಿಸಿ ಬಣ್ಣದ ಕಾಗದ ಅಂಟಿಸಿದ ಕಂಸಾಳೆ, ಪೆನ್‌ಡ್ರೈವ್‌ನಿಂದ ಹಾಡು. ಕುಣಿತ ಮುಗಿದು ಚಪ್ಪಾಳೆ ಬಿತ್ತು. ಜನರ ನಡುವೆ ಕಂಬಳಿ ಹೊದ್ದು ಒಬ್ಬ ದೇವರಗುಡ್ಡ, ಮಾದಪ್ಪನ ದೀಕ್ಷೆ ಪಡೆದ ಹಾಡುಗಾರರು, ಕೂತಿದ್ದರು. ಮೊಮ್ಮಗನ ಕುಣಿತ ನೋಡಲು ಬಂದವರು. ಮೂವತ್ತು ವರ್ಷದಿಂದ ಮಲೆ ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವವರು. ನಮ್ಮ ಶಾಲೆಗೂ ಅವರ ಮನೆಗೂ ನಡುವೆ ಎರಡು ಬೀದಿ. ಅವರನ್ನು ಒಂದು ಮಾತು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ರಟ್ಟಿನ ಕಂಸಾಳೆಯಿಂದ ಸದ್ದು ಬರುವುದಿಲ್ಲ ಎಂಬುದನ್ನೂ ನಾನು, ಸಂಗೀತ ಶಿಕ್ಷಕಿ, ಗಮನಿಸಿರಲಿಲ್ಲ.

ಈಗ ಪಾಠದ ಒಳಗಿನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಬರೀ ಅಭಿಮಾನದಿಂದ ಪೀರಿಯಡ್ ನಡೆಯುವುದಿಲ್ಲ ತಾನೆ.

ಕರ್ನಾಟಕ ಸಂಗೀತದಲ್ಲಿ ಮಗುವಿಗೆ ಮೊದಲು ಹೇಳಿಕೊಡುವ ರಾಗ ಮಾಯಾಮಾಳವಗೌಳ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತದೆ ಪರಂಪರೆ. ಅದರಲ್ಲಿ ಒಂದು ಸೊಗಸಾದ ಲೆಕ್ಕವಿದೆ: ಸ ರಿ ಗ ಮ ಎಂಬಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ ಪ ದ ನಿ ಸ ಎಂಬಲ್ಲೂ ಅಷ್ಟಷ್ಟೇ. ಶಾಸ್ತ್ರೀಯ ಸಂಗೀತಕ್ಕೆ ಹೋಗುವ ಮಗುವಿಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ನನಗೆ ಗೊತ್ತಿಲ್ಲ. ಆದರೆ ವಾರಕ್ಕೆ ಒಂದೋ ಎರಡೋ ಪೀರಿಯಡ್ ಸಿಗುವ, ಮನೆಯಲ್ಲಿ ತಂಬೂರಿಯ ಸದ್ದನ್ನು ತತ್ವಪದದ ಜೊತೆ ಮಾತ್ರ ಕೇಳಿದ ಹದಿಮೂರು ವರ್ಷದ ಮಗುವಿಗೆ ಷಡ್ಜಕ್ಕೆ (ಸ) ಅಂಟಿಕೊಂಡಂತಿರುವ ಶುದ್ಧ ರಿಷಭ (ರಿ), ಅಲ್ಲಿಂದ ಅಂತರ ಗಾಂಧಾರಕ್ಕೆ (ಗ) ಒಂದೇ ಜಿಗಿತ, ಇದು ಕಷ್ಟ. ಎರಡು ತಿಂಗಳಾದರೂ ರಿಷಭ ಕೂರುತ್ತಿರಲಿಲ್ಲ. ಮಕ್ಕಳು ತಮಗೆ ಕಂಠವಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದರು.

ಆ ಅಜ್ಜಿಯ ಸೋಬಾನೆಗೆ ಒಂದು ರಾತ್ರಿ ಸ್ವರ ಹಾಕುತ್ತಾ ಕೂತೆ. ನಾಲ್ಕೈದು ಸ್ವರಗಳ ಒಳಗೇ ಓಡಾಟ. ಸ ರಿ ಗ ಮ, ಕೆಳಗೆ ನಿಷಾದವನ್ನು ಮುಟ್ಟಿ ಮತ್ತೆ ಷಡ್ಜಕ್ಕೆ. ಗಾಂಧಾರ ಮಾತ್ರ ನನ್ನ ಹಾರ್ಮೋನಿಯಂನ ಯಾವ ಮನೆಯಲ್ಲೂ ಕೂರಲಿಲ್ಲ, ಸಾಧಾರಣ, ಅಂತರ ಎಂಬ ಎರಡು ಬಗೆಯ ಗಾಂಧಾರಗಳ ನಡುವೆ ಎಲ್ಲೋ ನಿಂತಿತ್ತು. ಬಹಳ ಹೊತ್ತು ಅದು ಅಜ್ಜಿಯ ತಪ್ಪು ಎಂದೇ ತಿಳಿದಿದ್ದೆ. ಮತ್ತೆ ಮತ್ತೆ ಕೇಳಿದಾಗ, ಅವರು ಪ್ರತಿ ಸಲವೂ ಅಲ್ಲೇ ನಿಲ್ಲುತ್ತಾರೆ, ಹಿಂದೆ ಹೇಳುವ ನಾಲ್ವರೂ ಅಲ್ಲೇ ನಿಲ್ಲುತ್ತಾರೆ ಎಂಬುದು ಕಿವಿಗೆ ಬಿತ್ತು. ಐದು ಜನ ಕೂಡಿ ನೂರು ಸಲ ಒಂದೇ ಜಾಗಕ್ಕೆ ಬರುತ್ತಾರೆಂದರೆ ಆ ಸ್ವರಕ್ಕೆ ಅಲ್ಲೊಂದು ನೆಲೆಯಿದೆ. ನನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಮನೆಯಿಲ್ಲ, ಅಷ್ಟೆ.

ಅಂದಿನಿಂದ ಮೊದಲ ಸ್ವರಗಳನ್ನು ಮಕ್ಕಳ ಪದಗಳಿಂದಲೇ ತೆಗೆಯತೊಡಗಿದೆ. ಕಣ್ಣಾಮುಚ್ಚಾಲೆಗೆ ಹೇಳುವ ಪದದಲ್ಲಿ ಎಷ್ಟು ಸ್ವರವಿದೆ? ಎರಡು, ಹೆಚ್ಚೆಂದರೆ ಮೂರು. ಅವನ್ನು ಹೆಸರು ಹಿಡಿದು ಕರೆಯೋಣ. ನಾಟಿ ಪದದಲ್ಲಿ? ನಾಲ್ಕು. ಇದೊಂದು ಹೊಸದು ಬಂತಲ್ಲ, ಅದಕ್ಕೊಂದು ಹೆಸರು. ಹೀಗೆ ಸಪ್ಟೆಂಬರ್ ಹೊತ್ತಿಗೆ ಐದು ಸ್ವರ ಮಕ್ಕಳ ಕೈಯಲ್ಲಿರುತ್ತಿತ್ತು. ಮಾಯಾಮಾಳವಗೌಳ ಆಮೇಲೆ ಬಂತು, ಆಗ ಅದು ಅಷ್ಟು ಕಾಡಲಿಲ್ಲ.

ತಾಳವೂ ಹಾಗೆಯೇ. ಕನ್ನಡ ಮೇಷ್ಟ್ರು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತಾರೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಮಕ್ಕಳು ಪರೀಕ್ಷೆಗೆಂದು ಲಘು ಗುರು ಎಣಿಸುತ್ತಾರೆ. ಪಕ್ಕದ ಪೀರಿಯಡ್‌ನಲ್ಲಿ ನಾನು ಮಿಶ್ರ ಛಾಪು ತಾಳ ಹೇಳಿಕೊಡುತ್ತಿದ್ದೆ: ತಕಿಟ ತಕಧಿಮಿ, ಮೂರು ನಾಲ್ಕು. ಎರಡೂ ಒಂದೇ ಏಳು. ಇದನ್ನು ನಾವಿಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಹತ್ತು ವರ್ಷ ಮಾತಾಡಿರಲಿಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ, ಭಾಗವತರು ಯಕ್ಷಗಾನದಲ್ಲಿ ಭಾಮಿನಿ ಹಾಡುವಾಗ ಈ ಏಳು ಗೊತ್ತಿದ್ದೇ ಹಾಡುತ್ತಾರೆ. ತ್ರಿಪದಿಯ ಕಥೆ ಇನ್ನೂ ದೊಡ್ಡದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ನೇ ಇಸವಿಯ ಹೊತ್ತಿಗೇ, ತ್ರಿಪದಿ ಕಲ್ಲಿನ ಮೇಲೆ ನಿಂತಿದೆ. ರಾಗಿ ಬೀಸುವ ಅವ್ವಂದಿರು ಅದನ್ನೇ ಹಾಡುತ್ತಾ ಬಂದರು. ಹಾಡುವಾಗ ಎರಡನೆಯ ಸಾಲನ್ನು ಇನ್ನೊಮ್ಮೆ ಹಿಡಿದು ಮೂರನೆಯದಕ್ಕೆ ಇಳಿಯುತ್ತಾರೆ. ಪುಸ್ತಕದಲ್ಲಿ ಮೂರು ಸಾಲಾಗಿರುವುದು ಬಾಯಲ್ಲಿ ನಾಲ್ಕಾಗುತ್ತದೆ. ಬೀಸುವ ಕಲ್ಲನ್ನು ಶಾಲೆಗೆ ಹೊತ್ತು ತರುವುದು ಆಗದ ಮಾತು, ಮಕ್ಕಳನ್ನೇ ಕಲ್ಲಿದ್ದ ಮನೆಗೆ ಕರೆದುಕೊಂಡು ಹೋದೆವು. ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕಿದ ಕೂಡಲೇ ಕಲ್ಲು ಭಾರವಾಗುತ್ತದೆ, ಹಾಡು ತಾನಾಗಿ ನಿಧಾನವಾಗುತ್ತದೆ. ರಾಗಿ ನುರಿದಂತೆ ಮತ್ತೆ ಚುರುಕು. ಲಯ ಎಂದರೇನು ಎಂದು ಆ ಮಕ್ಕಳಿಗೆ ಮತ್ತೆ ಬಿಡಿಸಿ ಹೇಳುವ ಪ್ರಮೇಯ ನನಗೆ ಬರಲಿಲ್ಲ.

ಅಜ್ಜಿಯನ್ನು ಶಾಲೆಗೆ ಕರೆದ ದಿನದ ಮಾತು ಹೇಳಬೇಕು. ಮೊದಲ ಸಲ ಎಲ್ಲವೂ ಕೆಟ್ಟಿತು, ಕೆಡಿಸಿದವಳು ನಾನೇ. ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿದೆ. ಹೆಡ್‌ಮಾಸ್ಟರು ಹಾರ ಹಾಕಿದರು. ಅಜ್ಜಿ ಬಾಯಿ ತೆರೆದರು, ಒಂದು ಸೊಲ್ಲು ಹೇಳಿ ನಿಂತರು. ‘ಮರ್ತೋಯ್ತು ಕನವ್ವ’ ಅಂದರು. ನೂರಾರು ಪದ ಬಲ್ಲವರಿಗೆ ಒಂದೂ ನೆನಪಾಗಲಿಲ್ಲ. ಹೊರಡುವಾಗ ಅವರೇ ಕಾರಣ ಹೇಳಿದರು: ಹಿಂದೆ ಹೇಳುವವರಿಲ್ಲದೆ ಮುಂದಿನ ಸೊಲ್ಲು ಬಾಯಿಗೆ ಬರುವುದಿಲ್ಲ. ಹಿಂದಿನವರು ಸೊಲ್ಲನ್ನು ತಿರುಗಿ ಹೇಳುವಷ್ಟು ಹೊತ್ತಿನಲ್ಲೇ ಮುಂದಿನದು ನೆನಪಿಗೆ ಬರುವುದು. ಒಬ್ಬರೇ ಕೂತು ಹಾಡುವ ಹಾಡೇ ಅದಲ್ಲ. ಆ ಶ್ರುತಿಪೆಟ್ಟಿಗೆ ‘ಗುಂಯ್ ಅಂತ ಕಿವೀಲಿ ಕೂತ್ಕತದೆ’ ಅಂದರು.

ಎರಡನೆಯ ಸಲ ಅವರ ಜೊತೆ ಇಬ್ಬರು ಗೆಳತಿಯರು ಬಂದರು. ಹುಣಸೆ ಮರದಡಿ ನೆಲದ ಮೇಲೆ ಕೂತರು. ಶ್ರುತಿಪೆಟ್ಟಿಗೆ ಬೀರುವಿನಲ್ಲೇ ಇತ್ತು. ಅಜ್ಜಿ ತಮಗೆ ಒಗ್ಗಿದ ಎತ್ತರದಲ್ಲಿ ಹಿಡಿದರು, ಮಕ್ಕಳು ಆ ಎತ್ತರಕ್ಕೆ ಹೋದರು. ಗಂಡುಮಕ್ಕಳಲ್ಲಿ ಒಬ್ಬ ನೋಟ್‌ಬುಕ್ ತೆಗೆದು ಬರೆಯತೊಡಗಿದ. ‘ಬರ್ಕಂಡ್ರೆ ಮರ್ತೋಗ್ತದೆ ಮಗ, ಬಾಯಲ್ಲಿ ಅನ್ನು’ ಎಂದರು ಅಜ್ಜಿ. ಅರ್ಥವನ್ನೂ ಅವರು ಬಿಡಿಸಿ ಹೇಳಲಿಲ್ಲ. ಈ ಪದ ಅರಿಸಿನದ ಹೊತ್ತಿನದು, ಇದು ಹೆಣ್ಣು ಒಪ್ಪಿಸುವಾಗಿನದು ಎಂದು ಮಾತ್ರ ಹೇಳಿದರು. ಹೆಣ್ಣು ಒಪ್ಪಿಸುವ ಪದ ಹೇಳುವಾಗ ಮೂವರಿಗೂ ಗಂಟಲು ಕಟ್ಟಿತು. ಮಕ್ಕಳಿಗೆ ಬೇಕಾದ ಅರ್ಥವಿವರಣೆ ಅಲ್ಲೇ ಇತ್ತು. ಒಂದು ಗಂಟೆಯಲ್ಲಿ ಮಕ್ಕಳು ಹದಿನಾಲ್ಕು ನುಡಿ ಕಲಿತರು. ನಾನು ಒಂದು ಗೀತೆ ಕಲಿಸಲು ಒಂದೂವರೆ ತಿಂಗಳು ತೆಗೆದುಕೊಳ್ಳುತ್ತಿದ್ದೆ.

ನಾನೂ ಮಕ್ಕಳ ಸಾಲಿನಲ್ಲಿ ಕೂತು ಹಿಂದೆ ಹೇಳಿದೆ. ಇವತ್ತು ನಿಮ್ಮ ಮುಂದೆ ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದೇ. ಊರಿನ ಹಾಡು ಶಾಲೆಗೆ ಬರಬೇಕಾದರೆ ಸಂಗೀತದ ಮೇಷ್ಟ್ರು ಮೊದಲು ಆ ಊರಿನ ಶಿಷ್ಯರಾಗಬೇಕು, ಮಕ್ಕಳ ಕಣ್ಣೆದುರೇ ಆಗಬೇಕು. ‘ಅದು ಸಂಗೀತ ಅಲ್ಲ, ಪದ’ ಎಂದ ಹುಡುಗಿ ತನ್ನ ಅಜ್ಜಿಯ ಮುಂದೆ ನಾನು ತಡವರಿಸಿದ್ದನ್ನು ನೋಡಿದಳು. ಆ ವರ್ಷವೆಲ್ಲ ಅವಳು ಕ್ಲಾಸಿನಲ್ಲಿ ಬಾಯಿ ಬಿಟ್ಟು ಹಾಡಿದಳು.

ಇನ್ನು ತಮಟೆ. ನಮ್ಮ ಜಿಲ್ಲೆಯಲ್ಲಿ ತಮಟೆ ಯಾರ ಕೈಯಲ್ಲಿದೆ, ಯಾಕೆ ಅವರ ಕೈಯಲ್ಲೇ ಇದೆ ಎಂಬುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಹಬ್ಬಕ್ಕೂ ಸಾವಿಗೂ ಬಡಿಯಲೇಬೇಕು ಎಂದು ಒಂದು ಸಮುದಾಯದ ಮೇಲೆ ಹೇರಿದ ದುಡಿಮೆ ಅದು. ನಾನು ಇದನ್ನು ಮರೆತು, ಉತ್ಸಾಹದಲ್ಲಿ ಒಬ್ಬ ಹುಡುಗನಿಗೆ ‘ನಿಮ್ಮಪ್ಪನ ತಮಟೆ ತಗೊಂಡು ಬಾ’ ಎಂದುಬಿಟ್ಟೆ. ಮರುದಿನ ಅವನ ತಂದೆ ಬಂದರು. ಜೋರು ಮಾತಿಲ್ಲ, ಸಿಟ್ಟಿಲ್ಲ. ‘ನಾವು ಬಡ್ದಿದ್ದು ಸಾಕು ಮೇಡಂ. ಇವನು ಓದ್ಲಿ ಅಂತ ಇಲ್ಲಿಗೆ ಕಳಿಸಿದ್ದೀವಿ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಅವರು ಹೇಳಿದ್ದು ಸರಿ ಎಂದೇ ನಂಬಿದ್ದೇನೆ. ತಮಟೆ ಬಿಡುವುದು ಎಷ್ಟೋ ಮನೆಗಳಲ್ಲಿ ಸ್ವಾಭಿಮಾನದ ಮೊದಲ ಹೆಜ್ಜೆ. ಅದೇ ತಮಟೆ ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡುಗಳ ಜೊತೆ ಮೊಳಗಿದ್ದೂ ನಿಜ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಇವೆರಡೂ ನಿಜವೇ, ಯಾವುದು ತಮ್ಮದು ಎಂದು ಆಯ್ದುಕೊಳ್ಳುವ ಹಕ್ಕು ಆ ಮನೆಯವರದು.

ಅದಾದ ಮೇಲೆ ನಾನು ಮೂರು ವಿಷಯದಲ್ಲಿ ಗಟ್ಟಿಯಾಗಿ ನಿಂತೆ. ಮಗುವಿನ ಜಾತಿ ನೋಡಿ ವಾದ್ಯ ಕೊಡುವುದಿಲ್ಲ. ಯಾವ ಮಗುವಿಗೂ ‘ನಿಮ್ಮ ಮನೆಯದು ತಾ’ ಎನ್ನುವುದಿಲ್ಲ, ಶಾಲೆಯ ದುಡ್ಡಲ್ಲಿ ಕೊಂಡು ಇಡುತ್ತೇವೆ. ಕ್ಲಾಸಿನಲ್ಲಿ ತಮಟೆ ಕಲಿಸುವುದಾದರೆ ಎಲ್ಲ ಮಕ್ಕಳೂ ಮುಟ್ಟಿ, ಹುಲ್ಲಿನ ಬೆಂಕಿಯಲ್ಲಿ ಕಾಯಿಸಿ, ಬಾರಿಸಬೇಕು. ಕಲಿಸಲು ಪಕ್ಕದ ತಾಲ್ಲೂಕಿನಿಂದ ಒಬ್ಬ ಕಲಾವಿದರು, ತಾವಾಗಿ ಒಪ್ಪಿ, ಬಂದರು. ಚರ್ಮ ಕಾಯುತ್ತಾ ಹೋದಂತೆ ನಾದ ಮೇಲೇರುವುದನ್ನು ಕಿವಿಯಿಟ್ಟು ಕೇಳಿಸಿದರು. ಬಲಗೈ ದಪ್ಪ ಕೋಲು, ಎಡಗೈ ಸಣ್ಣ ಕಡ್ಡಿ, ಎರಡರ ಮಾತನ್ನೂ ಬಾಯಲ್ಲಿ ಹೇಳಿಸಿ ಆಮೇಲೆ ಕೈಗೆ ತಂದರು. ಒಂದಿಬ್ಬರು ತಂದೆತಾಯಿ ಬಂದು, ನಮ್ಮ ಮಗನ ಕೈಗೆ ಅದನ್ನು ಯಾಕೆ ಕೊಟ್ಟಿರಿ ಎಂದು ಕೇಳಿದರು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬಿಸಿ ಬಿಸಿ ಮಾತಾಯಿತು. ‘ಸಂಗೀತದ ಪೀರಿಯಡ್‌ನಲ್ಲಿ ಸಂಗೀತ ಕಲಿಸುತ್ತಿದ್ದೇನೆ’ ಎಂದು ಹೇಳಿ ನಾನು ಕೂತೆ. ಆ ದಿನ ಹೆಡ್‌ಮಾಸ್ಟರು ನನ್ನ ಜೊತೆ ನಿಂತರು. ಅವರು ನಿಲ್ಲದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

ತಲೆ ತಗ್ಗಿಸಿದ್ದ ಆ ಹುಡುಗ ಆ ವರ್ಷ ತಮಟೆ ಮುಟ್ಟಲಿಲ್ಲ. ಹಾರ್ಮೋನಿಯಂ ಕಲಿಯುತ್ತೇನೆ ಎಂದ, ಕಲಿತ.

ಕಂಸಾಳೆಯ ಎಲ್ಲೆ ಬೇರೆ ಬಗೆಯದು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ದಾರ ಕಟ್ಟಿದ ತಾಳ. ಗುಡ್ಡರಿಗೆ ಅದು ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು ಹಿಡಿದದ್ದು. ಆ ವಾರ್ಷಿಕೋತ್ಸವದ ಹಿರಿಯರನ್ನು ಕಡೆಗೂ ಹೋಗಿ ಕಂಡೆ. ತಮ್ಮ ಕಂಸಾಳೆಯನ್ನು ಮಕ್ಕಳಿಗೆ ಕೊಡಲಾರೆ ಎಂದು ನೇರವಾಗಿ ಹೇಳಿದರು. ಪೇಟೆಯಿಂದ ಬೇರೆ ತರಿಸಿ, ವರಸೆ ನಾನು ಹೇಳಿಕೊಡುತ್ತೇನೆ ಎಂದರು. ಕಥೆಯಲ್ಲಿ ಕೆಲವು ಭಾಗ ಶಾಲೆಯಲ್ಲಿ ಬೇಡ ಎಂದರು, ಯಾಕೆ ಎಂದು ಕೇಳಲಿಲ್ಲ. ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರಲ್ಲೂ ಇಂಥ ಕಟ್ಟು ಇದೆ. ಕಾವ್ಯ ಶುರುವಾಗುವುದು ರಾತ್ರಿ, ಮುಗಿಯುವುದು ಬೆಳಗಿನ ಜಾವ, ನಮ್ಮ ಪೀರಿಯಡ್ ನಲವತ್ತು ನಿಮಿಷ. ಅದಕ್ಕೆ ಕಾವ್ಯವನ್ನು ನಲವತ್ತು ನಿಮಿಷಕ್ಕೆ ಕತ್ತರಿಸುವ ಬದಲು ವರ್ಷಕ್ಕೊಮ್ಮೆ, ಮನೆಯವರ ಒಪ್ಪಿಗೆ ಪಡೆದು, ಮಕ್ಕಳನ್ನು ನೀಲಗಾರರು ಸೇರುವ ಚಿಕ್ಕಲ್ಲೂರು ಜಾತ್ರೆಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದೆವು. ಕೆಲವರು ಅಲ್ಲೇ ನಿದ್ದೆ ಹೋಗುತ್ತಿದ್ದರು. ಹಾಡು ಕೇಳುತ್ತಾ ನಿದ್ದೆ ಹೋಗುವುದೂ ಆ ಕಾವ್ಯ ಕಲಿಯುವ ಹಳೆಯ ದಾರಿಯೇ.

ಬೇರೆಡೆ ಹೇಗೆ ಎಂದು ಕೇಳುತ್ತೀರಿ. ಉಡುಪಿಯ ಕಡೆ ಪ್ರೌಢಶಾಲೆಗಳಿಗೆ ಯಕ್ಷಗಾನದ ಗುರುಗಳೇ ಹೋಗಿ ತಿಂಗಳುಗಟ್ಟಲೆ ಕಲಿಸಿ, ವರ್ಷದ ಕೊನೆಗೆ ಮಕ್ಕಳಿಂದ ಪೂರ್ಣ ಪ್ರಸಂಗ ಆಡಿಸುತ್ತಾರೆ. ಊರೇ ಕೂತು ನೋಡುತ್ತದೆ. ಒಂದು ದಿನದ ಶಿಬಿರಕ್ಕೂ ಅದಕ್ಕೂ ಹೋಲಿಕೆಯಿಲ್ಲ. ದೂರದ ಹಂಗೆರಿಯಲ್ಲಿ ಕೊಡಾಯ್, ಬಾರ್ಟೋಕ್ ಎಂಬ ಇಬ್ಬರು ಸಂಗೀತಗಾರರು ಕಳೆದ ಶತಮಾನದ ಆರಂಭದಲ್ಲಿ ಹಳ್ಳಿ ಸುತ್ತಿ ಜನರ ಹಾಡು ಸಂಗ್ರಹಿಸಿದರು. ಮಗುವಿನ ಸಂಗೀತ ಕಲಿಕೆ ಅದರ ಮನೆಮಾತಿನ ಹಾಡಿನಿಂದಲೇ ಶುರುವಾಗಬೇಕು ಎಂದು ಕೊಡಾಯ್ ಹಟ ಹಿಡಿದರು. 1950ರಲ್ಲಿ ಕೆಚ್ಕೆಮೇಟ್ ಎಂಬ ಊರಿನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ಆ ವಿಚಾರದ ಮೇಲೇ ಶುರುವಾಯಿತು. ನನಗೆ ಅವರ ಬಗ್ಗೆ ಬಹಳ ಗೌರವ. ಆದರೆ ಅಲ್ಲಿ ಹಾಡು ಹಳ್ಳಿಯವರ ಬಾಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಮೇಷ್ಟ್ರಿಗೆ, ಅಲ್ಲಿಂದ ಮಗುವಿಗೆ ಬಂತು. ನಮ್ಮಲ್ಲಿ ಹಾಡುವವರು ಎರಡು ಬೀದಿಯಾಚೆ ಇನ್ನೂ ಇದ್ದಾರೆ. ಇನ್ನೂ ಎನ್ನುವ ಮಾತನ್ನು ಭಾರವಾಗಿಯೇ ಹೇಳುತ್ತಿದ್ದೇನೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಪದಗಳನ್ನು ಹಾಡುತ್ತಿದ್ದ ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ, ನಮ್ಮ ಪ್ರೀತಿಯ ಸುಕ್ರಜ್ಜಿ, 2025ರಲ್ಲಿ ತೀರಿಕೊಂಡರು. ಆ ಅಜ್ಜಿಯ ನೆನಪಿನಲ್ಲಿದ್ದದ್ದು ಒಂದು ಗ್ರಂಥಭಂಡಾರ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಸ್ಥಳೀಯ ಕಲಾವಿದರನ್ನು ಶಾಲೆಗೆ ಬೋಧಕರಾಗಿ ಕರೆಯುವ ಮಾತಿದೆ. ಕಾಗದದ ಮೇಲಿರುವುದು ಸಂತೋಷ. ಕಳೆ ಕೀಳುವ ಕೂಲಿ ಬಿಟ್ಟು ಬಂದ ಅಜ್ಜಿಗೆ ಆ ದಿನದ ಕೂಲಿ, ಬಸ್ ಚಾರ್ಜು ಕೈಗೆ ಬರಬೇಕು, ಶಾಲು ಹಾರದಿಂದ ಒಲೆ ಉರಿಯುವುದಿಲ್ಲ. ನಾಟಿ, ಕಳೆ, ಕುಯ್ಲಿನ ವಾರಗಳಲ್ಲಿ ಕರೆಯಲೇಬೇಡಿ. ಮಕ್ಕಳು ಮೊಬೈಲ್‌ನಲ್ಲಿ ಹಿಡಿದು ಯೂಟ್ಯೂಬ್‌ಗೆ ಹಾಕುವ ಮೊದಲು ಹಾಡಿದವರನ್ನು ಕೇಳಲಿ, ಹೆಸರು ಹಾಕಲಿ.

ಸಭೆಯಲ್ಲಿ ಒಬ್ಬರು ಕೇಳಿದರು: ಇದಕ್ಕೆಲ್ಲ ಅಂಕ ಹೇಗೆ ಕೊಡುತ್ತೀರಿ?

ನನಗೂ ತಿಳಿಯದೆ ಒಂದು ವರ್ಷ ಅಜ್ಜಿಯನ್ನೇ ಪರೀಕ್ಷೆಗೆ ಕೂರಿಸಿಕೊಂಡೆ. ಮಕ್ಕಳು ಗುಂಪಾಗಿ ಬಂದು ಹಾಡಿದರು. ನನ್ನ ಪಟ್ಟಿಯಲ್ಲಿ ಶ್ರುತಿ, ಲಯ, ಸಾಹಿತ್ಯ ಎಂದು ಮೂರು ಕಾಲಂ ಇದ್ದವು. ಎಲ್ಲ ಮುಗಿದ ಮೇಲೆ, ‘ಯಾರು ಚೆನ್ನಾಗಿ ಹೇಳಿದ್ರು ಅಜ್ಜಿ?’ ಎಂದೆ. ಅವರು ಹಿಂದಿನ ಸಾಲಿನ ಒಬ್ಬ ಹುಡುಗನ ಕಡೆ ಕೈ ತೋರಿಸಿದರು. ‘ಆ ಮಗ ನಡುವೆ ಸೊಲ್ಲು ಬುಟ್ಬುಡ್ತಲ್ಲ, ಆಗ ಇವನು ಎತ್ಕಂಡ ನೋಡಿ. ಇವನಿದ್ರೆ ರಾತ್ರಿಯೆಲ್ಲ ಹೇಳಬೋದು’ ಎಂದರು.

ನಾನು ಪಟ್ಟಿ ನೋಡಿದೆ. ಶ್ರುತಿ ತಪ್ಪುತ್ತಾನೆಂದು ಅವನಿಗೆ ಹತ್ತಕ್ಕೆ ನಾಲ್ಕು ಹಾಕಿದ್ದೆ. ಸ್ಕೇಲು ತೆಗೆದುಕೊಂಡು, ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಕಾಲಂ ಎಳೆದೆ.